ಕೃಪಾಮಣಿಯ ಹಿಂದೆ ಬರುವ ದನಿ

ಮಾವಿನ ತೋಪಿನ ನೆರಳಿನಿಂದ ಬಿಳಿ ಷರಟಿನವನೊಬ್ಬ ನಡೆದು ಬರುತ್ತಾನೆ. ಬೈರಕೂರಿನ ಕೃಪಾಮಣಿ ಮದುವೆಗೆ ಮುಂಚೆ ಕಂಡ ಕನಸೆಲ್ಲ ಅದೇ. ೧೯೭೪ರಲ್ಲಿ ಅವಳ ಕೈಹಿಡಿದದ್ದು ದೇವದಾನಪ್ಪ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ, ಹುಬ್ಬಿನ ಮೇಲೂ ಕೆಂಪು ದೂಳು. ಸಂಜೆ ಬಂದರೆ "ಊಟ ಮಾಡ್ದಾ?" ಅನ್ನುವುದೊಂದೇ ಮಾತು. ಕಾಗದ ಬಂದರೆ ಅವಳ ಕೈಗಿಡುತ್ತಿದ್ದ. "ನೀನೇ ಓದು, ಕಣ್ಣಿಗೆ ದೂಳು ಬಿದ್ದೈತೆ."

ಅದನ್ನೆಲ್ಲ ಸಹಿಸಬಹುದಿತ್ತು. ಭಾನುವಾರ ಸಹಿಸಲಾಗುತ್ತಿರಲಿಲ್ಲ. ಚರ್ಚಿನಲ್ಲಿ ಹೆಂಗಸರಿಗೊಂದು ಕಡೆ ಚಾಪೆ, ಗಂಡಸರಿಗೊಂದು ಕಡೆ. ಕೃಪಾಮಣಿಯ ಹಾಡು ಎಲ್ಲರ ಮೇಲೆ ತೇಲುತ್ತಿತ್ತು. ಅದರ ಹಿಂದೆಯೇ, ಒಂದೊಂದು ಪದ ತಡವಾಗಿ, ಆಚೆಯಿಂದ ದೇವದಾನಪ್ಪನ ಗೊಗ್ಗರು ದನಿ.

"ಏನೇ ಕೃಪಾ, ನಿಮ್ ಯಜಮಾನ್ರು ಹಾಡಕ್ಕೂ ಲಾಸ್ಟ್ ಬಸ್ಸಲ್ಲೇ ಬರ್ತಾರಾ?" ಪಕ್ಕದ ಭಾರತಮ್ಮ ಸೆರಗಿನಲ್ಲಿ ನಗುತ್ತಿದ್ದಳು.

ಒಂದು ಭಾನುವಾರ ಮನೆಗೆ ಬಂದವಳೇ ಕೃಪಾಮಣಿ ಸಿಡಿದಳು. "ನನ್ ಮರ್ಯಾದೆ ತೆಗಿಯಕ್ಕೇ ಹಂಗೆ ಎಳೀತೀರೇನ್ರೀ? ನನ್ ಮೇಲೆ ಪ್ರೀತಿ ಅನ್ನೋದು ಒಂಚೂರಾದ್ರೂ ಐತಾ?"

"ಇನ್ಮೇಲೆ ಹಾಡಲ್ಲ ಬಿಡು," ಅಂದ.

ಅವಳು ಟ್ರಂಕು ತುಂಬಿದಳು. ವಾಪಸು ಬರುವ ಮನಸ್ಸಿರಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಆ ಟ್ರಂಕನ್ನು ತಲೆಯ ಮೇಲೆ ಹೊತ್ತು ನಡೆದವನು ದೇವದಾನಪ್ಪನೇ.

ಬೈರಕೂರಿನಲ್ಲಿ ಮಾವು ಹೂಬಿಟ್ಟಿತ್ತು. ಗಾಳಿಯೆಲ್ಲ ಸಿಹಿ ಅಮಲು. ತೋಪಿನಿಂದ ಯಾರೂ ನಡೆದು ಬರಲಿಲ್ಲ. ಒಂದು ಮುಂಜಾನೆ ಮನೆಯ ಪ್ರಾರ್ಥನೆಯಲ್ಲಿ ಅವಳು ಹಾಡುತ್ತಿದ್ದಾಗ ತಾಯಿ ಕಣ್ಣು ತೆರೆದಳು.

"ಯಾಕಮ್ಮಾ, ಒಂದೊಂದ್ ಪದಕ್ಕೂ ನಿಂತ್‌ನಿಂತ್ ಹಾಡ್ತೀಯ? ಯಾರಿಗ್ ಕಾಯ್ತಿದ್ದೀಯ?"

ಕೃಪಾಮಣಿಯ ಕಣ್ಣ ಮುಂದೆ ಗಂಡನ ಹಾಡಿನ ಪುಸ್ತಕ ತೇಲಿ ಬಂತು. ಅದು ತೆರೆದಿರುತ್ತಿತ್ತು, ಹಾಳೆ ಮಾತ್ರ ತಿರುಗುತ್ತಿರಲಿಲ್ಲ. ದೂಳು ಬಿದ್ದ ಕಣ್ಣು, ಓದದ ಕಾಗದ. ಅವನಿಗೆ ಅಕ್ಷರವೇ ಬರದು. ಇಷ್ಟು ದಿನ ಅವಳ ದನಿ ಹಿಡಿದುಕೊಂಡು, ಅದು ಕರೆದುಕೊಂಡು ಹೋದಲ್ಲಿಗೆ ಹೋಗಿದ್ದ.

ಮರುಭಾನುವಾರ ಬಸ್ಸಿಳಿದವಳು ನೇರವಾಗಿ ಚರ್ಚಿಗೆ ಬಂದಳು. ಎಲ್ಲರೂ ಹಾಡುತ್ತಿದ್ದರು. ದೇವದಾನಪ್ಪ ಪುಸ್ತಕ ತೆರೆದು, ಬಾಯಿ ಮುಚ್ಚಿ ಕೂತಿದ್ದ. ಕೃಪಾಮಣಿ ಟ್ರಂಕನ್ನು ಬಾಗಿಲಲ್ಲಿಟ್ಟು, ಗಂಡಸರ ಚಾಪೆಗೇ ಹೋಗಿ ಅವನ ಪಕ್ಕದಲ್ಲೇ ಕೂತುಬಿಟ್ಟಳು.

"ಇದು ಗಂಡಸ್ರ ಕಡೆ ಕಣೇ!" ದೇವದಾನಪ್ಪ ಪಿಸುಗುಟ್ಟಿದ.

"ಗೊತ್ತು. ಪುಸ್ತಕ ಇತ್ಲಾಗ್ ತನ್ನಿ."

ಹಾಳೆ ತಿರುಗಿಸಿ, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು. ಕೆಂಪು ಮಣ್ಣು ಮೆತ್ತಿದ ಅವನ ಬೆರಳು ಅವಳ ಬೆರಳ ಹಿಂದೆ ಮೆಲ್ಲಗೆ ಹೊರಟಿತು.

೧೯೮೬ರಲ್ಲಿ ಭಾರತಮ್ಮನ ಮಗಳ ಮದುವೆ. ಬೈಬಲಿನಿಂದ ಪ್ರೀತಿಯ ಬಗೆಗಿನ ವೇದಪಾಠ ಓದಲು ಎದ್ದು ನಿಂತವನು ದೇವದಾನಪ್ಪ. ಅಕ್ಷರಕ್ಕೆ ಅಕ್ಷರ ಕೂಡಿಸಿ, ನಿಧಾನವಾಗಿ ಓದಿದ. ಕೆಳಗೆ ಚಾಪೆಯ ಮೇಲೆ ಕೃಪಾಮಣಿಯ ತುಟಿಗಳು ಅವನ ಹಿಂದೆಯೇ, ಒಂದೊಂದು ಪದ ತಡವಾಗಿ, ಅಲುಗುತ್ತಿದ್ದವು.