ಒತ್ತಿ ತುಂಬಿದ ಪಾಚಿ

ನರ್ಸರಿಯವನು "ಸಡಿಲವಾಗಿ ತುಂಬಿ" ಎಂದು ನಿಜಕ್ಕೂ ಹೇಳಿದ್ದನೋ, ಗಿಡ ಕೊಳೆತ ಮೇಲೆ ನಾನೇ ಆ ಮಾತನ್ನು ಅವನ ಬಾಯಿಗೆ ತುರುಕಿದೆನೋ, ಖಚಿತವಾಗಿ ಹೇಳಲಾರೆ. ಅಕ್ಕ ತರೀಕೆರೆಯ ಮನೆಗೆ ಬೀಗ ಹಾಕಿ ಚಿಕಿತ್ಸೆಗೆ ಹೊರಟಾಗ, ಮರದ ಮೇಲೆ ಬೆಳೆಯುವ ತನ್ನ ಸೀತಾಳೆ ಗಿಡವನ್ನು ಯಗಟಿಗೆ ತಂದು ನನಗೆ ಒಪ್ಪಿಸಿದ್ದಳು. "ಮಣ್ಗೆ ಮಾತ್ರ ಹಾಕ್ಬೇಡ ಕಣೇ, ಸತ್ತೋಗ್ತೈತೆ" ಎಂದಿದ್ದಳು. ನಮ್ಮೂರಿನ ಒಣಗಾಳಿಗೆ ಬೇರು ಸುಕ್ಕಾಗತೊಡಗಿತು. ಕಡೂರಿನ ನರ್ಸರಿಗೆ ಓಡಿದೆ.

ಅವನು ಒಣಪಾಚಿಯ ಎರಡು ಚೀಲ ತೋರಿಸಿದ; ಅವನ ಬಾಯಲ್ಲಿ ಅದು 'ಮಾಸು'. "ಪುಡಿ ಮಾಸು ಬೀಜ ಹಾಕಕ್ಕೆ ಕಣಮ್ಮಾ. ನಿಮ್ಗೆ ಈ ನಾರಿಂದು ಬೇಕು. ನೆನ್ಸಿ, ಹಿಂಡಿ, ಬೇರಿನ ಸುತ್ತ ಇಡಿ."

ನೆನೆಸಿದೆ, ಹಿಂಡಿದೆ. ನಮ್ಮಲ್ಲಿ ತೆಂಗಿನ ಸಸಿ ನೆಟ್ಟರೆ ಗಾಳಿಗೆ ಅಲುಗದಂತೆ ಹಿಮ್ಮಡಿಯಿಂದ ಮಣ್ಣು ತುಳಿದು ಗಟ್ಟಿ ಮಾಡುತ್ತೇವೆ. ಹಾಗೆಯೇ ಆ ಪಾಚಿಯ ನಾರನ್ನು ಹೆಬ್ಬೆರಳಿನಿಂದ ಕುಂಡದೊಳಗೆ ಒತ್ತಿ ಒತ್ತಿ ತುಂಬಿದೆ. ನೀರು ಒಳಗೇ ನಿಂತಿತು, ಗಾಳಿ ಆಡಲಿಲ್ಲ. ಎರಡು ವಾರಕ್ಕೆ ವಾಸನೆ ಬಂತು. ಬೇರು ಮುಟ್ಟಿದರೆ ಸಿಪ್ಪೆ ಕೈಗೇ ಬಂತು.

ಅಂದೇ ಅಕ್ಕನ ಫೋನು. "ನಾನ್ ಬರೋಷ್ಟ್ರಲ್ಲಿ ಹೂ ಬಿಡ್ಸಿರ್ಬೇಕು. ನಂಗೀಗ ಕೂದ್ಲಿಲ್ಲ, ನಿನ್ ಜಡೆಗೇ ಮುಡಿಸ್ತೀನಿ" ಎಂದು ನಕ್ಕಳು.

"ಚೆನ್ನಾಗೈತೆ ಕಣಕ್ಕಾ" ಎಂದೆ.

ಫೋನಿಟ್ಟು ಪಾಚಿಯನ್ನೆಲ್ಲ ಕಿತ್ತೆಸೆದೆ. ಕೊಳೆತದ್ದನ್ನು ಕತ್ತರಿಸಿ, ಹೊಸ ನಾರನ್ನು ಹಗುರವಾಗಿ ಸುತ್ತಿದೆ. ಮುಟ್ಟದೆ ಬಿಡಬೇಕೆಂದು ಗೊತ್ತು. ಆದರೂ ದಿನಾ ಬಿಚ್ಚಿ ನೋಡುತ್ತೇನೆ. ಒಂದೇ ಬೇರು ಉಳಿದಿದೆ. ಅದರ ತುದಿಯಲ್ಲಿ ಕಾಣುವ ಹಸಿರು ಬೇರಿನ ಜೀವವೋ, ಅಂಟಿಕೊಂಡ ಪಾಚಿಯ ಬಣ್ಣವೋ, ನನಗೆ ಗೊತ್ತಾಗುತ್ತಿಲ್ಲ.