ಮೊಸರಂಗಡಿಯಲ್ಲಿ ಇಟ್ಟ ಗಂಟು

ಭಕ್ತಪುರದ ಮೊಸರು ವ್ಯಾಪಾರಿ ಹೇರಾಕಾಜಿ, ಗಿರಾಕಿಗಳ ಬಾಯಲ್ಲಿ ಸಾಹುಜಿ, ಮಣ್ಣಿನ ಬಟ್ಟಲನ್ನು ಕಣ್ಣಿನಿಂದ ನೋಡಿ ಕೊಂಡವನಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ. ಠಣ್ ಎಂದರೆ ಮೊಸರಿಗೆ, ದಬ್ ಎಂದರೆ ವಾಪಸು. ಮನುಷ್ಯರಿಗೂ ಹೀಗೆಯೇ ಬೆಲೆ ಕಟ್ಟುತ್ತಿದ್ದ. ಥಿಮಿಯ ಕುಂಬಾರ ಪೂರ್ಣಭಕ್ತನ ಮಗಳು ರೊಜಿನಾಳಿಗೆ ಅವನು ಕಟ್ಟಿದ ಬೆಲೆ: ಮೈ ಗಟ್ಟಿ, ಬೇಯಿಸಿದ್ದು ಹದ, ಬಿರುಕಿಲ್ಲ, ಆದರೆ ಇಟ್ಟ ಜಾಗದಿಂದ ಕದಲುವ ಮಾಲಲ್ಲ.

ಹಾಗೆನ್ನಿಸಲು ಕೆನೆಯೇ ಕಾರಣ. ಬಟ್ಟಲಿನ ಬುಟ್ಟಿ ಇಳಿಸಿದ ಕೂಡಲೇ ಅವಳು ಅಂಗಡಿ ಮೆಟ್ಟಿಲಿನ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಮೊಸರಿನ ಮೇಲಿನ ದಪ್ಪ ಕೆನೆ ಕೇಳುತ್ತಿದ್ದಳು. ಬಾಯಿಗಿಟ್ಟರೆ ಕಣ್ಣು ಮುಚ್ಚಿಬಿಡುವಳು. ಮುಗಿಯುವ ತನಕ ಪಕ್ಕದಲ್ಲಿ ಎತ್ತು ಗುದ್ದಾಡಿದರೂ ಮಾತಿಲ್ಲ.

"ಜಪಾನು ಜಪಾನು ಅಂತ ಕುಣೀತೀಯಲ್ಲ ಮಗು, ಅಲ್ಲಿ ಈ ಕೆನೆ ಯಾರು ಕೊಡ್ತಾರೆ?"

"ಯಾರೂ ಕೊಡಲ್ಲ ಅಂತಾನೇ ಇಲ್ಲಿ ತಿಂತಿರೋದು ಕಾಕಾ. ಕೈ ಬಿಗಿ ಮಾಡ್ಬೇಡಿ, ಇನ್ನೊಂಚೂರು ಹಾಕಿ."

ಅಲ್ಲಿನ ಕುಂಬಾರಿಕೆ ಶಾಲೆಯೊಂದು ಅವಳನ್ನು ಓದಲು ಕರೆದಿತ್ತು, ಶುಲ್ಕವನ್ನೂ ಬಿಟ್ಟುಕೊಟ್ಟಿತ್ತು. ವೀಸಾ ಬಂದಿತ್ತು. ಬರಬೇಕಾಗಿದ್ದದ್ದು ಅಪ್ಪನ ಬಾಯಿಂದ ಒಂದು 'ಹೂಂ' ಮಾತ್ರ. ಅದಕ್ಕಾಗಿ ಪೂರ್ಣಭಕ್ತ ಸಲಹೆ ಕೇಳಲು ಬಂದ.

"ದಾಜು, ನೀವು ಅಣ್ಣನ ಹಾಗೆ, ಮಾಲು ಬಲ್ಲವರು. ಕಳಿಸ್ಲಾ ಬೇಡ್ವಾ?"

"ಬಿಸಿಲು ಕಂಡ್ರೆ ಕೂರ್ತಾಳೆ, ಕಿತ್ತಳೆ ಕಂಡ್ರೆ ಸುಲೀತಾಳೆ, ಕೆನೆ ಕಂಡ್ರೆ ಕಣ್ಣು ಮುಚ್ತಾಳೆ. ಇಷ್ಟಕ್ಕೇ ಹೊಟ್ಟೆ ತುಂಬೋಳು ಎಲ್ಲಿಗಪ್ಪಾ ಹೋಗ್ತಾಳೆ? ವಾರದೊಳಗೆ ಅತ್ಕೊಂಡು ಬರ್ತಾಳೆ. ಸುಮ್ನಿರು."

ಅವಳು ಹೋದರೆ ಇಂಥ ಬಟ್ಟಲು ತರುವವರು ಯಾರು ಎಂಬ ಚಿಂತೆಯೂ ಸಾಹುಜಿಗಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಪೂರ್ಣಭಕ್ತ ಮನೆಗೆ ಹೋಗಿ "ಬೇಡ" ಎಂದುಬಿಟ್ಟ.

ಶುಕ್ರವಾರ ಬೆಳಿಗ್ಗೆ ಅಂಗಡಿ ತುಂಬ ಗಿರಾಕಿಗಳು. ರೊಜಿನಾ ಬುಟ್ಟಿಯಿಲ್ಲದೆ ಬಂದಳು. ಮೊಸರಿನ ಬಟ್ಟಲುಗಳ ನಡುವೆ ಕೆಂಪು ಬಟ್ಟೆಯ ಒಂದು ಗಂಟು ಇಟ್ಟಳು. ಒಳಗೆ ಅಕ್ಕಿ, ಅಡಿಕೆ, ಒಂದು ನಾಣ್ಯ ಇವೆಯೆಂದು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಹೇರಾಕಾಜಿಯ ಕೈಯ ಸೌಟು ಗಾಳಿಯಲ್ಲೇ ನಿಂತಿತು.

ಅದು ಪ್ರಸ್ಥಾನದ ಗಂಟು. ಹೊರಡುವ ದಿನ ಗಳಿಗೆ ಸರಿಯಿಲ್ಲದಿದ್ದರೆ ಒಳ್ಳೆಯ ದಿನ ನೋಡಿ ಗಂಟನ್ನು ಮುಂಚೆಯೇ ಹೊರಡಿಸಿ ಬೇರೆಯವರಲ್ಲಿ ಇಡುತ್ತಾರೆ. ಗಂಟು ಹೊರಟಿತೆಂದರೆ ಆಸಾಮಿ ಹೊರಟಂತೆ. ಅದನ್ನು ತಿರುಗಿ ಮನೆಯೊಳಗೆ ತಂದವರಿಲ್ಲ.

"ಏನೇ ಇದು?"

"ಬುಧವಾರ ವಿಮಾನ ಕಾಕಾ. ಅಲ್ಲೀವರೆಗೆ ನಿಮ್ಮಲ್ಲಿರ್ಲಿ."

"ನಿಮ್ಮಪ್ಪ?"

"ಕಳಿಸ್ಬೇಡ ಅಂದ ಬಾಯಿ ನಿಮ್ದು. ಕಾಯೋ ಕೈನೂ ನಿಮ್ದೇ ಆಗ್ಲಿ."

ಒಳಗಿನಿಂದ ಹೆಂಡತಿ ಚಂದ್ರಲಕ್ಷ್ಮಿಯ ದನಿ ಬಂತು: "ಊರನ್ನೆಲ್ಲ ತಟ್ಟಿ ನೋಡ್ತಿದ್ರಲ್ಲ, ಇವತ್ತು ನಿಮ್ಮನ್ನೇ ತಟ್ಟಿದ್ಳು. ಏನು ಸದ್ದು ಬಂತು?"

ಆ ಮಾತಿಗಿಂತ ಅವನನ್ನು ದಂಗುಬಡಿಸಿದ್ದು ಆಮೇಲಿನದು. ಮನೆಯನ್ನು ತಲೆಕೆಳಗು ಮಾಡಿ ಬಂದ ಹುಡುಗಿ "ಕೆನೆ ಇದ್ಯಾ?" ಎಂದು ಮೆಟ್ಟಿಲ ಮೇಲೆ ಕೂತು, ಎಂದಿನಂತೆ ಕಣ್ಣು ಮುಚ್ಚಿ ತಿಂದಳು! ಬಿಟ್ಟುಹೋಗುವವಳಾದ್ದರಿಂದಲೇ ಅವಳು ಏನನ್ನೂ ಬಿಡದೆ ತಿನ್ನುತ್ತಿದ್ದಳು. ಸಾಹುಜಿ ಅದನ್ನು ಉಲ್ಟಾ ಓದಿಕೊಂಡಿದ್ದ.

ಅಷ್ಟರಲ್ಲಿ ಪೂರ್ಣಭಕ್ತ ಕೈಯ ಮಣ್ಣನ್ನೂ ತೊಳೆಯದೆ ಓಡಿ ಬಂದ. "ಕೊಡಿ ದಾಜು ಆ ಗಂಟು!"

ಹೇರಾಕಾಜಿ ಗಂಟಿನ ಮೇಲೆ ಅಂಗೈ ಊರಿದ. ಊರಿದ ಮೇಲೆ ಅವನಿಗೇ ಅಚ್ಚರಿಯಾಯಿತು.

"ಹೊರಟ ಗಂಟಪ್ಪಾ ಇದು. ವಾಪಸ್ ಒಯ್ದು ಮಗಳ ದಾರೀಲಿ ಕೇಡು ಇಡ್ತೀಯಾ? ನಾನು ಕಟ್ಟಿದ ಬೆಲೆ ತಪ್ಪು."

ಸಾಹುಜಿಯ ಬಾಯಲ್ಲಿ 'ತಪ್ಪು' ಎಂಬ ಮಾತು! ಪೂರ್ಣಭಕ್ತ ಮಗಳ ಪಕ್ಕ ಮೆಟ್ಟಿಲ ಮೇಲೆ ಕೂತ. ಮಗಳು ಅರ್ಧ ಕೆನೆಯ ಬಟ್ಟಲನ್ನು ಅವನತ್ತ ಸರಿಸಿದಳು. ಅವನು ಮುಟ್ಟಲಿಲ್ಲ. ಆದರೆ ಬುಧವಾರ ಥಿಮಿಯ ರಸ್ತೆಬದಿಯಲ್ಲಿ ದಾರಿಗೆ ಶುಭವಾಗಲೆಂದು ಅವಳ ಕೈಗೆ ಶಕುನದ ಮೊಟ್ಟೆ, ಮೀನು ಇಟ್ಟವನು ಅವನೇ. ಗಂಟನ್ನು ಹೊತ್ತು ತಂದು ಒಪ್ಪಿಸಿದವನು ಹೇರಾಕಾಜಿ.

ಈಗ ಬಟ್ಟಲು ಬೇರೆ ಯಾರೋ ತರುತ್ತಾರೆ, ಅಷ್ಟು ಚೆನ್ನಾಗಿಲ್ಲ. ಬೆಳಗಿನ ಮೊದಲ ಬಟ್ಟಲಿನ ಕೆನೆಯನ್ನು ಸಾಹುಜಿ ಮಾರುವುದಿಲ್ಲ. ಮೆಟ್ಟಿಲ ಬಿಸಿಲಿನಲ್ಲಿ ಕೂತು ತಾನೇ ತಿನ್ನುತ್ತಾನೆ. ಜೀವಮಾನವಿಡೀ ಮಾರಿದ ಮೊಸರಿನ ರುಚಿ ಅವನಿಗೆ ಗೊತ್ತಾದದ್ದು ರೊಜಿನಾಳಿಂದ.