ನಾಲ್ಕು ಇಂಚು ಕೆಳಗೆ

ಎರಡು ವರ್ಷಗಳ ಹಿಂದಿನ ಮಾತು. ಯುಗಾದಿಗೆ ಇನ್ನು ಎರಡು ವಾರವಿತ್ತು. ಗೌರಿಬಿದನೂರಿನ ನಮ್ಮ ಮನೆಯ ಅಡುಗೆ ಕಟ್ಟೆಯ ಕಲ್ಲು ಒಲೆಯ ಹತ್ತಿರ ಸೀಳು ಬಿಟ್ಟು, ಕೆಳಗಿನ ಇಟ್ಟಿಗೆಗಳೂ ಸಡಿಲವಾಗಿದ್ದವು. ಹಬ್ಬದೊಳಗೆ ಆ ಪುಟ್ಟ ಅಡುಗೆಮನೆಯನ್ನು ಹೊಸದಾಗಿ ಮಾಡಿಸುವುದೆಂದು ನಾನು ಹಟ ಹಿಡಿದೆ.

ನಾನು ಕುಳ್ಳಿ. ನಾಲ್ಕು ಅಡಿ ಏಳು ಇಂಚು. ಮದುವೆಯಾಗಿ ಬಂದ ಮೇಲೆ ಹದಿನೆಂಟು ವರ್ಷ ಆ ಕಟ್ಟೆಯ ಮುಂದೆ ಮರದ ಮಣೆ ಹಾಕಿಕೊಂಡು, ಅದರ ಮೇಲೆ ನಿಂತೇ ಅಡುಗೆ ಮಾಡಿದ್ದೆ. ಹಿಂದಿನ ಚಳಿಗಾಲದಲ್ಲಿ ಒಂದು ದಿನ ಮಣೆ ಜಾರಿತು. ಮುದ್ದೆಗೆ ಇಟ್ಟಿದ್ದ ಕುದಿಯುವ ಎಸರು ಪಾತ್ರೆ ಸಮೇತ ಕೆಳಗೆ ಬಿತ್ತು, ಅವರೆಕಾಯಿ ಸುಲಿಯುತ್ತಾ ಕೂತಿದ್ದ ಮಗಳ ಕಾಲಿಗೆ ಒಂದೇ ಗೇಣು ದೂರದಲ್ಲಿ. ಅವಳಿಗೆ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಆ ಮಣೆ ಹತ್ತುವಾಗಲೆಲ್ಲ ಮಗಳು ಎಲ್ಲಿದ್ದಾಳೆಂದು ಮೊದಲು ನೋಡಿಕೊಳ್ಳುತ್ತಿದ್ದೆ.

ನಾನು ಕುಡುಮಲಕುಂಟೆಯ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿ ಕೆಲಸ ಬೇಗ ಸಾಗಲಿ ಎಂದು ನನ್ನ ಟೇಬಲ್ಲಿನ ಕಾಲುಗಳನ್ನು ತಗ್ಗಿಸಿಕೊಟ್ಟಿದ್ದರು. ಎಂಟು ಗಂಟೆ ನಿಂತರೂ ಭುಜ ನೋಯುತ್ತಿರಲಿಲ್ಲ. ಮನೆಯಲ್ಲಿ ಒಂದು ಗಂಟೆ ನಿಂತರೆ ಕುತ್ತಿಗೆಯವರೆಗೂ ಸೆಳೆತ. ಒಂದು ದಿನ ಕೊರಳಲ್ಲಿದ್ದ ಟೇಪಿನಿಂದಲೇ ಆ ಟೇಬಲ್ಲನ್ನು ಅಳೆದೆ. ಮೂವತ್ತು ಇಂಚು, ನನ್ನ ಮೊಣಕೈಯಿಂದ ನಾಲ್ಕು ಇಂಚು ಕೆಳಗೆ. ಮನೆಯ ಕಟ್ಟೆ ಮೂವತ್ನಾಲ್ಕು.

ನಮ್ಮ ಕೈಯಲ್ಲಿದ್ದ ದುಡ್ಡಿಗೆ ಹೊಸ ಗ್ರಾನೈಟ್ ಬರುವಂತಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಒಡೆಯುತ್ತಿದ್ದ ಹಳೇ ಮನೆಯೊಂದರ ಕಪ್ಪು ಕಲ್ಲು ಸಿಕ್ಕಿತು. ಉದ್ದ ನಮ್ಮ ಗೋಡೆಗೆ ಸರಿಯಾಗಿತ್ತು. ಅಂಗಡಿಯಲ್ಲಿ ಮಿಕ್ಕಿದ್ದ ಬೇರೆ ಬೇರೆ ಬಣ್ಣದ ಟೈಲ್ಸ್ ತಂದೆ. ಕಟ್ಟೆಯ ಕೆಳಗೆ ಬಾಗಿಲಿನ ಬದಲು ಹಳೇ ಸೀರೆಯ ಪರದೆ ಹೊಲಿದೆ. ಕೆಲಸಕ್ಕೆ ಮಂಚೇನಹಳ್ಳಿಯಿಂದ ನರಸಿಂಹಪ್ಪ ಎಂಬ ಗಾರೆ ಮೇಸ್ತ್ರಿಯೂ ಅವರ ಹೆಂಡತಿಯೂ ಬಂದರು. ಮೂವತ್ತು ಇಂಚೆಂದು ಅವರಿಗೆ ಎರಡು ಸಲ ಹೇಳಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೆಲಸಕ್ಕೆ ಹೋದೆ.

ಸಂಜೆ ಬಂದು ನೋಡಿದರೆ ಕಲ್ಲು ಕೂರಿಸಿಯಾಗಿತ್ತು. ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ಹತ್ತಿರ ಹೋಗಿ ನಿಂತೆ. ಅದೇ ಹಳೇ ಎತ್ತರ. ನನ್ನ ಗೆರೆ ನಾಲ್ಕು ಇಂಚು ಕೆಳಗೆ ಹಾಗೇ ಉಳಿದಿತ್ತು.

ಮೇಸ್ತ್ರಿ ಕರಣೆ ತೊಳೆಯುತ್ತಾ, "ಎಲ್ಲಾರ ಮನೇಲೂ ಇಷ್ಟೇ ಕಣಮ್ಮ. ನಾಳೆ ಬಾಡಿಗೆಗೆ ಕೊಟ್ರೆ ಬಂದೋರು ಬಗ್ಗಿ ಬಗ್ಗಿ ಸಾಯ್ತಾರೆ. ನಿಮ್ಮ ಯಜಮಾನ್ರೂ ಫೋನಲ್ಲಿ ಹೂಂ ಅಂದ್ರು" ಎಂದರು.

ಆಗಷ್ಟೇ ಮನೆಗೆ ಬಂದಿದ್ದ ನಮ್ಮ ಯಜಮಾನರ ಕಡೆ ತಿರುಗಿದೆ. ಅವರು ನನ್ನ ಮುಖ ನೋಡದೆ, ಇಷ್ಟು ವರ್ಷ ನಡೆದಿದೆಯಲ್ಲ, ಮಣೆ ಇದ್ದೇ ಇದೆ ಎಂದರು.

ನನಗೆ ಅಳು ಬರಲಿಲ್ಲ. ಬ್ಯಾಗು ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡೆ. "ಮೇಸ್ತ್ರಿ, ಬೆಳಗಾದ್ರೆ ಸಿಮೆಂಟು ಕಚ್ಕೊಳ್ಳುತ್ತೆ. ಈಗ್ಲೇ ಎತ್ತಿ" ಎಂದೆ.

"ಕಲ್ಲು ಒಡೆದ್ರೆ?"

"ಒಡೆದ್ರೆ ನೆಲದ ಮೇಲೆ ಕೂತು ಬೇಯಿಸ್ತೀನಿ. ನಿಮ್ಮ ಮೇಲೆ ಒಂದು ಮಾತೂ ಬರಲ್ಲ."

ಯಾರೂ ಅಲ್ಲಾಡಲಿಲ್ಲ. ನಾನೇ ಹೋಗಿ ಕಲ್ಲಿನ ಅಂಚಿಗೆ ಕೈ ಹಾಕಿದೆ. ಆಗ ನಡುಮನೆಯ ಮಂಚದ ಮೇಲಿದ್ದ ನಮ್ಮ ಅತ್ತೆ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಅತ್ತೆ ಎತ್ತರದ ಹೆಂಗಸು. ಮಂಡಿನೋವಿನಿಂದ ಅಡುಗೆಮನೆ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮಗನಿಗೆ ಹೇಳಿದರು: "ಆ ಹಳೇ ಕಟ್ಟೆ ಕಟ್ಟಿಸ್ದಾಗ ನಿಮ್ಮಪ್ಪ ನನ್ನ ನಿಲ್ಲಿಸಿ ಅಳತೆ ತಗೊಂಡಿದ್ರು ಕಣಪ್ಪ. ಅದು ನನ್ನ ಅಳತೆ. ಈಗ ಬೇಯಿಸೋಳು ಅವಳು."

ಯಜಮಾನರು ಅಂಗಿ ಬಿಚ್ಚಿ ಮೊಳೆಗೆ ಹಾಕಿ ನನ್ನ ಪಕ್ಕ ಬಂದು ನಿಂತರು.

ಮೇಸ್ತ್ರಿ ಕಲ್ಲಿನ ಕೆಳಗೆ ಸಣ್ಣ ತಂತಿ ತೂರಿಸಿ, ಹಸಿ ಗಾರೆಯನ್ನು ಗರಗಸದ ಹಾಗೆ ಕೊಯ್ಯುತ್ತಾ ಬಂದರು. ಮರದ ಚಕ್ಕೆಗಳನ್ನು ಸಂದಿಗೆ ಕೊಟ್ಟರು. ಅವರ ಹೆಂಡತಿ, ನಾನು, ಯಜಮಾನರು, ಮೇಸ್ತ್ರಿ ನಾಲ್ಕು ಕಡೆ ಹಿಡಿದೆವು. ಎತ್ತುವಾಗ ಸಿಂಕಿನ ಕಡೆಯಿಂದ ಟಕ್ ಎಂದಿತು.  ನೋಡಿದರೆ ಮೂಲೆಯಲ್ಲಿ ಹೆಬ್ಬೆರಳಷ್ಟು ಚಕ್ಕೆ ಹಾರಿತ್ತು, ಅಷ್ಟೇ. ಕಲ್ಲನ್ನು ಗೋಣಿಚೀಲದ ಮೇಲೆ ಮಲಗಿಸಿ, ಒಂದು ವರಸೆ ಇಟ್ಟಿಗೆ ಕಿತ್ತು, ಮತ್ತೆ ಕೂರಿಸಿದರು. ಆ ಹೆಚ್ಚಿನ ಕೆಲಸಕ್ಕೆ ಮೇಸ್ತ್ರಿ ಕೂಲಿ ಕೇಳಲಿಲ್ಲ. ತಪ್ಪು ತಮ್ಮದೇ ಎಂದರು.

ಸಿಮೆಂಟು ಆರಿದ ಮೇಲೆ ಮೊದಲ ಸಲ ಬರಿಗಾಲನ್ನು ನೆಲಕ್ಕೆ ಊರಿ ನಿಂತು ಮುದ್ದೆ ತಿರುವಿದೆ. ಕೋಲು ತಿರುಗಿಸಲು ಇಷ್ಟು ಕಡಿಮೆ ಬಲ ಸಾಕೆಂದು ನನಗೆ ಗೊತ್ತೇ ಇರಲಿಲ್ಲ. ಹದಿನೆಂಟು ವರ್ಷ ತಪ್ಪು ನನ್ನ ಎತ್ತರದ್ದೇ ಎಂದುಕೊಂಡು ನಾಚಿಕೊಂಡಿದ್ದೆನಲ್ಲ ಎಂದು ಆಗ ಮಾತ್ರ ಕಣ್ಣು ತುಂಬಿತು.

ಈ ಸಲ ಸಂಕ್ರಾಂತಿ ಕಳೆದ ಮೇಲೆ, ಊಟದ ಬಿಡುವಿನಲ್ಲಿ ನರಸಿಂಹಪ್ಪನವರ ಫೋನು ಬಂತು. ಸಾದಲಿಯಲ್ಲಿ ಒಂದು ಮನೆ ಕೆಲಸ ಹಿಡಿದಿದ್ದರು. ಅಡುಗೆ ಕಟ್ಟೆಯ ಎತ್ತರವನ್ನು ನಾನು ಹೇಗೆ ಲೆಕ್ಕ ಹಾಕಿದ್ದೆ ಎಂದು ಕೇಳಿದರು. ಮೊಣಕೈಯಿಂದ ನಾಲ್ಕು ಇಂಚು ಕೆಳಗೆ ಎಂದೆ. ಮೊದಲು ಅಡುಗೆ ಮಾಡುವವರನ್ನು ಕರೆದು ನಿಲ್ಲಿಸಿಕೊಳ್ಳಿ ಎಂದೂ ಹೇಳಿದೆ.

"ಪಕ್ಕದಲ್ಲೇ ನಿಂತವ್ರೆ ಕಣಮ್ಮ" ಎಂದರು.

ಆಕೆ ಕುಳ್ಳಿಯೋ ಎತ್ತರವೋ ನಾನು ಕೇಳಲಿಲ್ಲ. ಒಮ್ಮೊಮ್ಮೆ ಒಲೆ ಹಚ್ಚುವಾಗ, ಕಂಡರಿಯದ ಆ ಹೆಂಗಸು ನೆನಪಾಗುತ್ತಾಳೆ.